ಜೀವಕೋಶದ ಮೇಲೆ ತೇಲುವ ತೆಪ್ಪ

ತಣ್ಣಗಾದ ಸಾರಿನ ಮೇಲೆ
ತುಪ್ಪ ಅಲ್ಲಲ್ಲಿ ಹೆಪ್ಪುಗಟ್ಟಿ ತೇಲುತ್ತಲ್ಲ, ನೋಡಿದ್ದೀರಾ?
ನಿಮ್ಮ ಜೀವಕೋಶದ ಮೇಲೂ
ಹೆಚ್ಚುಕಡಿಮೆ ಅದೇ ನಡೀತಿದೆ!

ಕೋಶದ ಪೊರೆ ಗಟ್ಟಿ ಗೋಡೆ ಅಲ್ಲ.
ಸುಮಾರು 5 ನ್ಯಾನೋಮೀಟರ್ ದಪ್ಪದ,
ಎಣ್ಣೆಯಂತೆ ಹರಿದಾಡೋ ಪದರ.
ಅದರಲ್ಲಿ ಕೊಲೆಸ್ಟ್ರಾಲ್, ಜೊತೆಗೆ ಇನ್ನು ಕೆಲವು ಕೊಬ್ಬು
ಒತ್ತೊತ್ತಾಗಿ ಸೇರಿ ಪುಟ್ಟ ದ್ವೀಪ ಆಗ್ತವೆ.
ಹೆಸರು, ಲಿಪಿಡ್ ರಾಫ್ಟ್.
ಅಂದ್ರೆ, ಕೊಬ್ಬಿನ ತೆಪ್ಪ.
1997ರಲ್ಲಿ ಕೈ ಸಿಮೊನ್ಸ್, ಎಲಿನಾ ಇಕೊನೆನ್
ಮುಂದಿಟ್ಟ ಕಲ್ಪನೆ ಇದು.

ತೆಪ್ಪಕ್ಕೇನು ಕೆಲಸ?
ಹೊರಗಿನ ಸಂದೇಶ ಹಿಡಿಯೋ ಪ್ರೋಟೀನು,
ಅದನ್ನ ಒಳಗೆ ದಾಟಿಸೋ ಪ್ರೋಟೀನು,
ಎರಡೂ ಇಲ್ಲಿ ಅಕ್ಕಪಕ್ಕ ಸಿಗ್ತವೆ.
ಸುದ್ದಿ ಬೇಗ ಮುಟ್ಟುತ್ತೆ.
"ಬೆಳಿ." "ಎರಡಾಗು." "ಸಾಕು, ಸಾಯಿ."

ಕ್ಯಾನ್ಸರ್ ಕೈಹಾಕೋದು ಇಲ್ಲೇ.
ಕೆಲವು ಸ್ತನ, ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ
ಈ ತೆಪ್ಪಗಳೇ ಜಾಸ್ತಿ.
"ಬೆಳಿ, ಬೆಳಿ" ಅನ್ನೋ ಕೂಗು ನಿಲ್ಲೋದೇ ಇಲ್ಲ.
ಪ್ರಯೋಗಾಲಯದಲ್ಲಿ ಅವುಗಳ ಪೊರೆಯಿಂದ
ಕೊಲೆಸ್ಟ್ರಾಲ್ ಹೀರಿ ತೆಗೆದ್ರೆ?
ತೆಪ್ಪ ಒಡೆಯುತ್ತೆ.
ಕೋಶಗಳು ಸಾಯೋಕೆ ಶುರು ಮಾಡ್ತವೆ.

ಹಾಗಂತ ಊಟದಲ್ಲಿ ತುಪ್ಪ ಬಿಟ್ರೆ
ಕ್ಯಾನ್ಸರ್ ವಾಸಿಯಾಗುತ್ತೆ ಅಂದ್ಕೋಬೇಡಿ.
ಪೊರೆಗೆ ಬೇಕಾದ ಕೊಲೆಸ್ಟ್ರಾಲನ್ನ
ಕೋಶ ತಾನೇ ತಯಾರಿಸಿಕೊಳ್ಳಬಲ್ಲದು!