ವಿದ್ಯಾರ್ಥಿಯ ಸಾಲಕ್ಕೆ ಕಟ್ಟು, ಕಾಲೇಜಿನ ಶುಲ್ಕಕ್ಕೆ?

ಅಮೆರಿಕ ಸಂಯುಕ್ತ ಸಂಸ್ಥಾನದ ಕೇಂದ್ರ ಸರ್ಕಾರದವರು ತಮ್ಮ ವಿದ್ಯಾರ್ಥಿಗಳಿಗೆ ಕೊಡುವ ಸಾಲ ಮತ್ತು ಸಹಾಯಧನಗಳ ನಿಯಮಗಳನ್ನು ಬುಡಮಟ್ಟ ಮಾರ್ಪಡಿಸಿದ್ದಾರೆ. ಈ ಮಾರ್ಪಾಟುಗಳನ್ನೊಳಗೊಂಡ ಶಾಸನಕ್ಕೆ ಅಧ್ಯಕ್ಷ ಡೊನಾಲ್ಡ್ ಟ್ರಂಪರು 2025ನೆಯ ಜುಲೈ 4ರಂದು, ಆ ದೇಶದ ಸ್ವಾತಂತ್ರ್ಯೋತ್ಸವದ ದಿನವೇ, ಅಂಕಿತ ಹಾಕಿದರು. ತೆರಿಗೆ, ವೈದ್ಯಸಹಾಯ, ಗಡಿರಕ್ಷಣೆ ಮೊದಲಾದ ವಿಷಯಗಳ ಗದ್ದಲದಲ್ಲಿ ವಿದ್ಯಾವಿಷಯಕವಾದ ಈ ಭಾಗವು ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಆದರೆ ಆ ದೇಶದಲ್ಲಿ ನಾಲ್ಕು ಕೋಟಿಗೂ ಮಿಕ್ಕ ಜನರು ಈ ಸಾಲದ ಬಾಧ್ಯರಾಗಿದ್ದಾರೆ. ಅವರು ತೆರಬೇಕಾದ ಒಟ್ಟು ಮೊತ್ತವು 1.6 ಲಕ್ಷ ಕೋಟಿ ಡಾಲರುಗಳನ್ನು ಮೀರಿದೆ. ಇಷ್ಟು ದೊಡ್ಡ ಜನಸಮೂಹದ ಬಾಳನ್ನು ತಟ್ಟುವ ವ್ಯವಸ್ಥೆಯು ಯಾವ ದಿಕ್ಕಿಗೆ ತಿರುಗಿತೆಂಬುದು ವಿಚಾರಾರ್ಹವಾದ ವಿಷಯವೇ ಸರಿ.

ಈ ವ್ಯವಸ್ಥೆಯು ಲೇವಾದೇವಿಯ ಅಂಗಡಿಯಾಗಿ ಹುಟ್ಟಿದ್ದಲ್ಲ. ಮಹಾಯುದ್ಧದಿಂದ ಮರಳುವ ಸೈನಿಕರಿಗೆ ಕಾಲೇಜಿನ ಬಾಗಿಲನ್ನು ತೆರೆಯುವ ಶಾಸನವು 1944ರಲ್ಲಿ ಆಯಿತು. 1957ರಲ್ಲಿ ರಷ್ಯನರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ, ವಿದ್ಯೆಯಲ್ಲಿ ಹಿಂದೆ ಬಿದ್ದರೆ ರಾಷ್ಟ್ರವೇ ಹಿಂದೆ ಬೀಳುವುದೆಂಬ ಭೀತಿಯಿಂದ 1958ರಲ್ಲಿ ಕೇಂದ್ರ ಸರ್ಕಾರವೇ ವಿದ್ಯಾರ್ಥಿಗಳಿಗೆ ಸಾಲ ಕೊಡಲು ಮೊದಲುಮಾಡಿತು. 1965ನೆಯ ನವೆಂಬರ್ 8ರಂದು ಅಧ್ಯಕ್ಷ ಲಿಂಡನ್ ಜಾನ್ಸನರು, ತಾವು ಬಡತನದಲ್ಲಿ ಓದಿದ ಟೆಕ್ಸಾಸಿನ ಸ್ಯಾನ್ ಮಾರ್ಕೋಸ್ ಊರಿನ ಕಾಲೇಜಿಗೇ ಹೋಗಿ, ಉನ್ನತ ಶಿಕ್ಷಣ ಶಾಸನಕ್ಕೆ ರುಜು ಹಾಕಿದರು. 1972ರಲ್ಲಿ ಬಡ ವಿದ್ಯಾರ್ಥಿಗಳಿಗೆ ಮರಳಿ ಕೊಡಬೇಕಿಲ್ಲದ ಸಹಾಯಧನವು ಏರ್ಪಟ್ಟು, ಮುಂದೆ ಸೆನೆಟರ್ ಪೆಲ್ ಅವರ ಹೆಸರನ್ನು ಪಡೆಯಿತು. ದುಡ್ಡಿಲ್ಲವೆಂಬ ಒಂದೇ ಕಾರಣಕ್ಕೆ ಯಾವ ಬುದ್ಧಿವಂತನೂ ವಿದ್ಯೆಗೆ ಎರವಾಗಕೂಡದೆಂಬುದೇ ಇವೆಲ್ಲದರ ತಿರುಳು.

ಕಾಲಕ್ರಮದಲ್ಲಿ ಈ ತಿರುಳಿಗೆ ಹುಳು ಹಿಡಿಯಿತು. ಸಹಾಯಧನವು ಶುಲ್ಕದ ಏರಿಕೆಗೆ ಸಮನಾಗಿ ಬೆಳೆಯಲಿಲ್ಲ. 2025-26ನೆಯ ಸಾಲಿನಲ್ಲಿ ಪೆಲ್ ಸಹಾಯಧನದ ಗರಿಷ್ಠ ಪ್ರಮಾಣವು ವರ್ಷಕ್ಕೆ 7,395 ಡಾಲರು ಮಾತ್ರ. ಉಳಿದುದನ್ನು ಸಾಲವು ತುಂಬಬೇಕಾಯಿತು. ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ 2006ರಲ್ಲಿ ಬಂದ 'ಗ್ರ್ಯಾಜುಯೇಟ್ ಪ್ಲಸ್' ಎಂಬ ಸಾಲಕ್ಕೆ ಒಟ್ಟು ಮಿತಿಯೇ ಇರಲಿಲ್ಲ. ಕಾಲೇಜು ತನ್ನ ವೆಚ್ಚವಿಷ್ಟೆಂದು ಹೇಳಿದರೆ, ಅನ್ಯ ನೆರವನ್ನು ಕಳೆದು ಉಳಿದಷ್ಟನ್ನೂ ಸರ್ಕಾರವು ಸಾಲವಾಗಿ ಕೊಡುತ್ತಿತ್ತು. ದರವನ್ನು ಕಟ್ಟುವವನು ಒಬ್ಬ, ಹಣ ಕೊಡುವವನು ಮತ್ತೊಬ್ಬ, ತೀರಿಸುವವನು ಮೂರನೆಯವನು! ಇಂಥ ಸಂತೆಯಲ್ಲಿ ಬೆಲೆ ಇಳಿಯುವುದುಂಟೆ? ಇದರ ಮೇಲೆ, ದಿವಾಳಿಯೆದ್ದ ವ್ಯಾಪಾರಿಗೆ ನ್ಯಾಯಾಲಯದಲ್ಲಿ ದೊರೆಯುವ ಬಿಡುಗಡೆಯು ವಿದ್ಯಾರ್ಥಿಗೆ ಸುಲಭವಾಗಿ ದೊರೆಯದಂತೆ 1976ರಿಂದ ಮೊದಲ್ಗೊಂಡು ಶಾಸನಗಳು ಬಿಗಿಯಾಗುತ್ತ ಬಂದವು. ಸಾಲ ತಪ್ಪಿದವನ ಸಂಬಳದಲ್ಲಿ ನೂರಕ್ಕೆ ಹದಿನೈದರವರೆಗೆ, ನ್ಯಾಯಾಲಯದ ಡಿಕ್ರಿಯಿಲ್ಲದೆಯೇ, ಹಿಡಿದುಕೊಳ್ಳುವ ಅಧಿಕಾರವೂ ಸರ್ಕಾರಕ್ಕುಂಟು.

ಈ ರೋಗಕ್ಕೆ ಹೊಸ ಶಾಸನವು ಮಾಡಿರುವ ಚಿಕಿತ್ಸೆಯೇನು? 2026ನೆಯ ಜುಲೈ 1ರಿಂದ ಹೊಸ ಸಾಲಗಾರರಿಗೆ ಗ್ರ್ಯಾಜುಯೇಟ್ ಪ್ಲಸ್ ಸಾಲವಿಲ್ಲವೆಂದು ವಿಧಿಸಿದೆ. ಸ್ನಾತಕೋತ್ತರ ವಿದ್ಯಾರ್ಥಿಗೆ ವರ್ಷಕ್ಕೆ 20,500 ಡಾಲರು, ಒಟ್ಟು ಒಂದು ಲಕ್ಷ; ವೈದ್ಯ, ನ್ಯಾಯ ಮುಂತಾದ ವೃತ್ತಿಶಿಕ್ಷಣದವರಿಗೆ ವರ್ಷಕ್ಕೆ 50,000, ಒಟ್ಟು ಎರಡು ಲಕ್ಷ. ತಂದೆತಾಯಿಗಳು ಮಕ್ಕಳಿಗಾಗಿ ಎತ್ತುವ ಪ್ಲಸ್ ಸಾಲಕ್ಕೆ ಮಗುವೊಂದಕ್ಕೆ ವರ್ಷಕ್ಕೆ 20,000, ಒಟ್ಟು 65,000 ಡಾಲರುಗಳ ಮಿತಿ. ಅದಾಗಲೇ ಸಾಲ ಪಡೆದು ಓದುತ್ತಿದ್ದವರಿಗೆ ಹೆಚ್ಚೆಂದರೆ ಮೂರು ವರ್ಷ ಹಳೆಯ ನಿಯಮವೇ ನಡೆಯುವುದು.

ತೀರಿಸುವ ರೀತಿಯೂ ಬದಲಾಗಿದೆ. ಹೊಸ ಸಾಲಗಾರರಿಗೆ ಎರಡೇ ದಾರಿ: ಒಂದು, ಸಾಲದ ಗಾತ್ರಕ್ಕನುಸಾರವಾಗಿ 10ರಿಂದ 25 ವರ್ಷಗಳ ನಿಶ್ಚಿತ ಕಂತು, ಇನ್ನೊಂದು, ವರಮಾನದಲ್ಲಿ ನೂರಕ್ಕೆ ಒಂದರಿಂದ ಹತ್ತರವರೆಗೆ ಕೊಡುವ ಕ್ರಮ. ಎರಡನೆಯ ಕ್ರಮದಲ್ಲಿ ವರ್ಷಕ್ಕೆ 45,000 ಡಾಲರು ಸಂಪಾದಿಸುವವನು ನೂರಕ್ಕೆ ನಾಲ್ಕರಂತೆ ತಿಂಗಳಿಗೆ 150 ಡಾಲರು ತೆರಬೇಕು. ಪೋಷಿಸಬೇಕಾದ ಮಗುವೊಂದಿದ್ದರೆ ಅದರಲ್ಲಿ 50 ಡಾಲರು ವಜಾ. ಎಷ್ಟೇ ಬಡವನಾದರೂ ತಿಂಗಳಿಗೆ ಹತ್ತು ಡಾಲರಾದರೂ ಕೊಡಲೇಬೇಕು. ಹಿಂದಿನ ಇಂಥ ಕ್ರಮಗಳಲ್ಲಿ ಸಾಮಾನ್ಯವಾಗಿ 20 ಅಥವಾ 25 ವರ್ಷಕ್ಕೆ ಮನ್ನಾ ಆಗುತ್ತಿದ್ದ ಬಾಕಿಯು ಇದರಲ್ಲಿ 30 ವರ್ಷಕ್ಕೆ ಮನ್ನಾ ಆಗುವುದು.

ಒಳ್ಳೆಯದನ್ನು ಒಳ್ಳೆಯದೆನ್ನಲು ನಾವು ಹಿಂಜರಿಯುವುದಿಲ್ಲ. ಹೊಸ ಕ್ರಮದಲ್ಲಿ ಸಕಾಲಕ್ಕೆ ಕಂತು ಕಟ್ಟಿದವನ ಮೇಲೆ, ಆ ಕಂತಿನಿಂದ ತೀರದೆ ಉಳಿದ ಬಡ್ಡಿಯು ಹೇರಲ್ಪಡುವುದಿಲ್ಲ. ವರ್ಷಗಟ್ಟಲೆ ಕಟ್ಟಿಯೂ ಅಸಲು ಬೆಳೆಯುತ್ತಲೇ ಹೋಗುವುದನ್ನು ಕಂಡು ಕಂಗೆಟ್ಟವರಿಗೆ ಇದು ನಿಜವಾದ ಉಪಕಾರ. ಎಂಟರಿಂದ ಹದಿನೈದು ವಾರಗಳ ಕಸುಬಿನ ತರಬೇತಿಗೂ ಪೆಲ್ ಸಹಾಯಧನವನ್ನು ವಿಸ್ತರಿಸಿರುವುದು ಶ್ಲಾಘ್ಯವೇ. ಮಿತಿಯಿಲ್ಲದ ಸಾಲಕ್ಕೆ ಮಿತಿ ಬೇಕೆಂಬ ತತ್ತ್ವವನ್ನೂ ನಾವು ಅಲ್ಲಗಳೆಯುವುದಿಲ್ಲ.

ನಮ್ಮ ಆಕ್ಷೇಪಣೆ ಬೇರೊಂದಿದೆ. ಶಾಸನವು ವಿದ್ಯಾರ್ಥಿಯ ಸಾಲಕ್ಕೆ ಕಟ್ಟು ಹಾಕಿತು. ಕಾಲೇಜಿನ ಶುಲ್ಕಕ್ಕೆ ಹಾಕಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಅಲ್ಲಿನ ಖಾಸಗಿ ವೈದ್ಯಕಾಲೇಜಿನಲ್ಲಿ ನಾಲ್ಕು ವರ್ಷದ ವೆಚ್ಚವು ಸಾಧಾರಣವಾಗಿ ಮೂರು ಲಕ್ಷ ಡಾಲರನ್ನು ಮೀರುತ್ತದೆ. ಸರ್ಕಾರದ ಸಾಲವು ಎರಡು ಲಕ್ಷಕ್ಕೆ ನಿಲ್ಲುತ್ತದೆ. ನಡುವಣ ಕಂದಕವನ್ನು ಯಾರು ತುಂಬಬೇಕು? ಸಿರಿವಂತನ ಮಗನಿಗೆ ತಂದೆಯ ಗಂಟಿದೆ. ಬಡವನ ಮಗನು ಖಾಸಗಿ ಸಾಲಿಗರ ಬಾಗಿಲಿಗೆ ಹೋಗಬೇಕು. ಅಲ್ಲಿ ಯೋಗ್ಯನಾದ ಜಾಮೀನುದಾರನನ್ನು ಕೇಳುತ್ತಾರೆ. ವರಮಾನಕ್ಕೆ ತಕ್ಕ ಕಂತು, ಇಂತಿಷ್ಟು ವರ್ಷಕ್ಕೆ ಮನ್ನಾ ಎಂಬ ಅನುಕೂಲಗಳನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ. ಜಾಮೀನು ದೊರೆಯದವನು ವೈದ್ಯನಾಗುವ ಆಸೆಯನ್ನೇ ಬಿಡಬೇಕು. ಬಡತನವನ್ನು ಕಂಡರಿಯದ ವೈದ್ಯರೇ ನಾಳೆ ಬಡವರ ನಾಡಿಯನ್ನು ಹಿಡಿಯುವಂತಾದರೆ ನಷ್ಟವಾಗುವುದು ವಿದ್ಯಾರ್ಥಿಯೊಬ್ಬನಿಗೇ ಅಲ್ಲ.

'ವೃತ್ತಿಶಿಕ್ಷಣ' ಯಾವುದೆಂಬ ವ್ಯಾಖ್ಯಾನವು ಇನ್ನೂ ವಿಚಿತ್ರ. ಶಿಕ್ಷಣ ಇಲಾಖೆಯವರು ಕೂಡಿಸಿದ ಸಮಿತಿಯು 2025ನೆಯ ನವೆಂಬರಿನಲ್ಲಿ ಒಪ್ಪಿದ ಪಟ್ಟಿಯಲ್ಲಿ ವೈದ್ಯ, ದಂತವೈದ್ಯ, ಪಶುವೈದ್ಯ, ನ್ಯಾಯ, ಔಷಧಶಾಸ್ತ್ರಗಳ ಜೊತೆಗೆ ದೇವತಾಶಾಸ್ತ್ರಕ್ಕೂ ಸ್ಥಾನ ದೊರೆಯಿತು. ದಾದಿಯರ ಉನ್ನತ ಶಿಕ್ಷಣಕ್ಕೆ ದೊರೆಯಲಿಲ್ಲ. ದಾದಿಯರ ಸಂಘಗಳು ಪ್ರತಿಭಟಿಸಿದವು, ಅದು ನ್ಯಾಯವೇ. ಹಗಲಿರುಳು ರೋಗಿಯ ಬಳಿ ನಿಂತು ಪ್ರಾಣವನ್ನು ಕಾಯುವವಳ ಕೆಲಸವು ವೃತ್ತಿಯಲ್ಲವೆಂದರೆ, ವೃತ್ತಿಯೆಂಬ ಶಬ್ದಕ್ಕೆ ಅರ್ಥವೇನುಳಿಯಿತು?

ಸಾಲವನ್ನು ತಡೆದರೆ ಕಾಲೇಜುಗಳು ತಾವಾಗಿಯೇ ಶುಲ್ಕವನ್ನು ಇಳಿಸುವುವೆಂದು ಶಾಸನದ ಪಕ್ಷದವರು ವಾದಿಸುತ್ತಾರೆ. ಕೆಲವು ಇಳಿಸಲೂಬಹುದು. ಆದರೆ ಇಳಿಯುವವರೆಗೆ ಬಾಗಿಲಲ್ಲಿ ನಿಂತ ಹುಡುಗನ ವಯಸ್ಸು ನಿಲ್ಲುವುದಿಲ್ಲ. ಸರ್ಕಾರದ ಹಣವನ್ನು ಪಡೆಯುವ ಕಾಲೇಜಿಗೆ ಶುಲ್ಕದ ಷರತ್ತನ್ನು ವಿಧಿಸುವ ಅಧಿಕಾರವು ಶಾಸನಸಭೆಗೆ ಇದ್ದೇ ಇತ್ತು. ಪದವೀಧರರ ಗಳಿಕೆಯು ಪ್ರೌಢಶಾಲೆಯನ್ನಷ್ಟೇ ಮುಗಿಸಿದವರ ಗಳಿಕೆಗಿಂತ ಕಡಮೆಯಾಗುತ್ತ ಬಂದರೆ ಅಂಥ ಪಾಠಕ್ರಮಕ್ಕೆ ಸಾಲ ನಿಲ್ಲಿಸಬೇಕೆಂಬ ಷರತ್ತನ್ನು ಹಾಕಬಲ್ಲವರಿಗೆ, ಶುಲ್ಕವನ್ನು ಕುರಿತ ಒಂದು ಮಾತನ್ನು ಸೇರಿಸುವುದು ಅಸಾಧ್ಯವಾಗಿತ್ತೆ?

ಇನ್ನೊಂದು ದೋಷವುಂಟು, ಅದು ಯಾವ ಒಂದು ಪಕ್ಷದ್ದೂ ಅಲ್ಲ. ಅದು ನಿಯಮಗಳ ಅಸ್ಥಿರತೆ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ನಿಂತ ವಸೂಲಿಯು 2023ರ ಶರತ್ಕಾಲದವರೆಗೆ ನಿಂತಿತು. ಅಧ್ಯಕ್ಷ ಬೈಡನರು ಘೋಷಿಸಿದ ಸಾಲಮನ್ನಾವನ್ನು ಸರ್ವೋಚ್ಚ ನ್ಯಾಯಾಲಯವು 2023ನೆಯ ಜೂನ್ 30ರಂದು ಅಸಿಂಧುಗೊಳಿಸಿತು. ಅದೇ ವರ್ಷ ಬಂದ 'ಸೇವ್' ಎಂಬ ಸುಲಭ ಕಂತಿನ ಕ್ರಮವನ್ನು ನ್ಯಾಯಾಲಯಗಳು 2024ರಲ್ಲಿ ತಡೆದವು. ಸಾಲ ತಪ್ಪಿದವರ ಮೇಲಿನ ಬಲವಂತದ ವಸೂಲಿಯು 2025ರ ಮೇ ತಿಂಗಳಲ್ಲಿ ಮತ್ತೆ ಮೊದಲಾಯಿತು. ಹದಿನೆಂಟರ ಹರೆಯದಲ್ಲಿ ಪತ್ರಕ್ಕೆ ಸಹಿ ಹಾಕಿದವನಿಗೆ, ಕೈಗೆ ಬಂದ ಭರವಸೆಯು ನಾಳೆ ಉಳಿಯುವುದೋ ಇಲ್ಲವೋ ತಿಳಿಯದಂತಾಗಿದೆ. ಸಾಲಗಾರನಿಗೆ ಮಾತು ತಪ್ಪಬೇಡವೆಂದು ಬುದ್ಧಿ ಹೇಳುವ ಸರ್ಕಾರವು ತಾನು ಮಾತಿಗೆ ನಿಲ್ಲಬೇಕಾದುದು ಧರ್ಮ.

ನಮ್ಮ ವಾಚಕರಲ್ಲಿ ಕೆಲವರು ಇದು ತಮಗೆ ಸಂಬಂಧಿಸಿದ್ದೇ ಎಂದು ಕೇಳಬಹುದು. ಇಲ್ಲಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರಿಗೆ ಆ ಸರ್ಕಾರದ ಸಾಲವು ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಅವರು ನಂಬಿದ್ದು ಮನೆಯ ಹಣವನ್ನು ಅಥವಾ ಬ್ಯಾಂಕಿನ ಸಾಲವನ್ನು. ಆದರೆ ಅಲ್ಲಿಯೇ ನೆಲೆಸಿ ಪೌರರಾದ ಕನ್ನಡಿಗರ ಮಕ್ಕಳಿಗೆ ಈ ನಿಯಮಗಳು ನೇರವಾಗಿ ಅನ್ವಯಿಸುತ್ತವೆ. ವೈದ್ಯಶಿಕ್ಷಣವನ್ನು ಬಯಸುವ ಅಂಥ ಮನೆಗಳವರು ಈಗಿನಿಂದಲೇ ಲೆಕ್ಕ ಹಾಕತಕ್ಕದ್ದು. ನಮ್ಮ ದೇಶದಲ್ಲಿಯೂ 2024ನೆಯ ನವೆಂಬರಿನಲ್ಲಿ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಗೆ ಮಂಜೂರಾತಿ ದೊರೆತು, ಆಯ್ದ ವಿದ್ಯಾಸಂಸ್ಥೆಗಳಲ್ಲಿ ಓದುವವರಿಗೆ ಜಾಮೀನಿಲ್ಲದ ಸಾಲದ ಏರ್ಪಾಡಾಗಿದೆ. ಅದು ಸ್ವಾಗತಾರ್ಹವೇ. ಆದರೆ ಸಾಲದ ತೂಬನ್ನು ತೆರೆಯುವವರು ಶುಲ್ಕದ ಹಳ್ಳವನ್ನೂ ನೋಡಬೇಕೆಂಬ ಪಾಠವನ್ನು ಅಮೆರಿಕದವರು ದುಬಾರಿ ಬೆಲೆ ತೆತ್ತು ನಮಗೆ ತೋರಿಸಿಕೊಟ್ಟಿದ್ದಾರೆ.

ವಿದ್ಯೆಯಿಂದ ಬರುವ ಲಾಭವು ಓದಿದವನೊಬ್ಬನದೇ ಆಗಿದ್ದರೆ ಅದರ ಸಾಲವೂ ಅವನೊಬ್ಬನದೇ ಆಗಲಿ ಎನ್ನಬಹುದಿತ್ತು. ವೈದ್ಯನಿಂದ, ದಾದಿಯಿಂದ, ಉಪಾಧ್ಯಾಯನಿಂದ ಫಲವನ್ನುಣ್ಣುವುದು ಸಮಾಜ. ಆದುದರಿಂದ ಹೊರೆಯಲ್ಲಿಯೂ ಸಮಾಜಕ್ಕೆ ಪಾಲಿರತಕ್ಕದ್ದು. 1965ರಲ್ಲಿ ಆ ದೇಶವು ಇದನ್ನು ಒಪ್ಪಿತ್ತು. ಅಮೆರಿಕದ ಶಾಸಕರು ವಿದ್ಯಾರ್ಥಿಯ ಸಾಲಕ್ಕೆ ಹಾಕಿದ ಕಟ್ಟನ್ನು ಕಾಲೇಜಿನ ಶುಲ್ಕಕ್ಕೂ ಹಾಕಲಿ. ಅಲ್ಲಿಯವರೆಗೆ ಈ ಸುಧಾರಣೆಯು ಅರ್ಧ ಸುಧಾರಣೆ ಮಾತ್ರವೆಂದು ನಾವು ಹೇಳಲೇಬೇಕಾಗಿದೆ.