ಓಖ್ಲಾದಲ್ಲಿ ಮಲೆನಾಡಿನ ಕಾಫಿ: ಪೊಟ್ಟಣ ಓದಿ ಕೊಳ್ಳುವ ಬಗೆ

ದೆಹಲಿಯ ಓಖ್ಲಾ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ, ಗೋವಿಂದಪುರಿಯಲ್ಲೋ ಜಸೋಲಾದಲ್ಲೋ ಬಾಡಿಗೆ ಮನೆ. ಇಂಥ ಕನ್ನಡಿಗರು ಈಗ ಊರಿಗೆ ಹೋದಾಗಲೆಲ್ಲ ಎರಡು ಕೆ.ಜಿ. ಕಾಫಿಪುಡಿ ಕಟ್ಟಿಸಿಕೊಂಡು ಬರಬೇಕಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಚಿಕ್ಕಮಗಳೂರು, ಕೊಡಗು, ಅರಕು, ವಯನಾಡು ಎಂದು ಊರಿನ ಹೆಸರು ಹೊತ್ತ ಪೊಟ್ಟಣಗಳು ಸಾಲುಗಟ್ಟಿ ಬರುತ್ತವೆ. ತೊಡಕಿರುವುದು ಆಮೇಲೆ. ‘ಸಿಂಗಲ್ ಒರಿಜಿನ್’, ‘ಎಸ್. 795’, ‘ವಾಶ್ಡ್’, ‘ಮೀಡಿಯಂ ರೋಸ್ಟ್’, ಕೆಳಗೆ ‘ಚಾಕೊಲೇಟ್, ಕಿತ್ತಳೆ’. ಬೆಲೆಯೂ ಮಾಮೂಲಿ ಪುಡಿಗಿಂತ ಸಾಕಷ್ಟು ಜಾಸ್ತಿ. ಇದರಲ್ಲಿ ಯಾವ ಮಾತಿಗೆ ದುಡ್ಡು ಕೊಡಬೇಕು, ಯಾವುದನ್ನು ಬಿಡಬಹುದು ಎಂದು ತಿಳಿಯಲು ಬೀಜ ನಡೆದುಬಂದ ದಾರಿ ಗೊತ್ತಿದ್ದರೆ ಸಾಕು.

ತೋಟದ ಹೆಸರು ಬಂದದ್ದು ಇತ್ತೀಚೆಗೆ

ಸೂಫಿ ಸಂತ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರೆಂಬ ಕತೆ ಹದಿನೇಳನೇ ಶತಮಾನದ್ದು. ಆದರೆ ಇಂಥ ತೋಟದ ಕಾಫಿ ಎಂದು ಹೆಸರು ಹೇಳಿ ಮಾರುವ ರೂಢಿಗೆ ಸುಮಾರು ಮೂವತ್ತು ವರ್ಷವಷ್ಟೇ ಎನ್ನಬೇಕು. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಬೋರ್ಡಿನ ‘ಪೂಲ್’ಗೆ ಒಪ್ಪಿಸಬೇಕಿತ್ತು. ಸಕಲೇಶಪುರದ್ದು, ಮೂಡಿಗೆರೆಯದು, ಮಡಿಕೇರಿಯದು ಎಲ್ಲ ಗ್ರೇಡಿನ ಪ್ರಕಾರ ಒಂದೇ ರಾಶಿಗೆ ಬೀಳುತ್ತಿತ್ತು. ದುಡ್ಡು ಕಂತುಗಳಲ್ಲಿ ಬರುತ್ತಿತ್ತು. ಮುತುವರ್ಜಿಯಿಂದ ಬೆಳೆದವನ ಕಾಫಿಯೂ ಅಸಡ್ಡೆಯವನ ಕಾಫಿಯೂ ಕಲೆತುಹೋದ ಮೇಲೆ ರುಚಿಗಾಗಿ ಮೈಬಗ್ಗಿಸುವವರು ಯಾರು? 1990ರ ದಶಕದ ಮೊದಲರ್ಧದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು. ತೋಟದ ಹೆಸರಿನ ಪೊಟ್ಟಣ ಅದರ ಫಲ. ದೆಹಲಿಯಲ್ಲೇ 2013ರಲ್ಲಿ ಶುರುವಾದ ಬ್ಲೂ ಟೋಕಾಯ್‌ನಂಥ ಕಂಪನಿಗಳು ತೋಟಗಳಿಂದ ನೇರವಾಗಿ ಬೀಜ ಕೊಂಡು, ಹುರಿದು, ತೋಟದ ಹೆಸರಲ್ಲೇ ಮಾರತೊಡಗಿದವು.

‘ಸಿಂಗಲ್ ಒರಿಜಿನ್’ ಎಂಬ ಮಾತನ್ನು ಒಂದು ದೇಶದ ಕಾಫಿಗೂ ಬಳಸುತ್ತಾರೆ, ಒಂದು ಜಿಲ್ಲೆಯದಕ್ಕೂ, ಒಂದೇ ತೋಟದ್ದಕ್ಕೂ. ಬರೀ ‘ಇಂಡಿಯಾ’ ಎಂದಿದ್ದರೆ ಅದು ಹೆಚ್ಚೇನೂ ಹೇಳಿದಂತಾಗಲಿಲ್ಲ. ತೋಟದ ಹೆಸರು, ತಳಿ, ಸಂಸ್ಕರಣೆ, ಹುರಿದ ತಾರೀಕು ನಾಲ್ಕೂ ಇದ್ದರೆ ಮಾತ್ರ ಆ ಪೊಟ್ಟಣ ಬಾಯಿ ಬಿಟ್ಟು ಮಾತಾಡುತ್ತಿದೆ ಎಂದು ತಿಳಿಯಿರಿ.

ನೆರಳು, ಎತ್ತರ, ತಳಿ

ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ಅದರಲ್ಲೂ ಕೊಡಗಿನ ಪಾಲು ದೊಡ್ಡದು. ಬ್ರೆಜಿಲ್‌ನ ತೋಟಗಳಲ್ಲಿ ಕಾಫಿ ಹೆಚ್ಚಾಗಿ ಬಿಸಿಲಲ್ಲೇ ಬೆಳೆದರೆ, ನಮ್ಮದು ಹಾಲುವಾಣ, ಸಿಲ್ವರ್ ಓಕ್, ಹಲಸು, ಕಾಡುಮರಗಳ ನೆರಳಿನದು. ನೆರಳಲ್ಲಿ ಹಣ್ಣು ನಿಧಾನ ಮಾಗುತ್ತದೆ, ಬೀಜಕ್ಕೆ ಸತ್ವ ಕೂಡುತ್ತದೆ. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಮಾತ್ರಕ್ಕೆ ಕಾಫಿಗೆ ಮೆಣಸಿನ ರುಚಿ ಹತ್ತುತ್ತದೆಂಬುದು ಮಾತ್ರ ಮಾರಾಟದ ಮಾತು.

ಕೀನ್ಯಾ, ಇಥಿಯೋಪಿಯಾದ ಕಾಫಿಯಲ್ಲಿ ನಿಂಬೆಯಂಥ ಹುಳಿ ಎದ್ದು ಕಾಣುತ್ತದೆ. ನಮ್ಮ ಅರೇಬಿಕಾ ತೋಟಗಳು ಬಹುಪಾಲು ಅಲ್ಲಿಗಿಂತ ತಗ್ಗಿನಲ್ಲಿ, ಸಾವಿರದಿಂದ ಒಂದೂವರೆ ಸಾವಿರ ಮೀಟರ್ ಎತ್ತರದಲ್ಲಿವೆ. ಹಾಗಾಗಿ ಹುಳಿ ಮೆತ್ತಗೆ, ಮೈ ಗಟ್ಟಿ, ಚಾಕೊಲೇಟಿನತ್ತ ವಾಲುವ ಪರಿಮಳ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಐದು ಕಾಫಿಗಳೆಂದರೆ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಅರಕು ಕಣಿವೆಯ ಅರೇಬಿಕಾ, ವಯನಾಡು ರೊಬಸ್ಟಾ.

ತಳಿಯಲ್ಲಿ ಮೊದಲು ನೋಡಬೇಕಾದ್ದು ಎಸ್. 795. ತುಕ್ಕುರೋಗ ತೋಟಗಳನ್ನು ತಿಂದು ಹಾಕುತ್ತಿದ್ದ ಕಾಲದಲ್ಲಿ, 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಇದನ್ನು ಬೆಳೆಸಿ, 1940ರ ದಶಕದಲ್ಲಿ ಬೆಳೆಗಾರರಿಗೆ ಕೊಟ್ಟಿತು. ಒಂದು ಕಡೆಯಿಂದ ಕೆಂಟ್ ತಳಿಯ ರುಚಿ, ಇನ್ನೊಂದು ಕಡೆಯಿಂದ ಲೈಬೀರಿಕಾ ನೆತ್ತರಿನ ಎಸ್. 288ರ ಗಟ್ಟಿತನ. ಸೆಲೆಕ್ಷನ್ 9ರ ಹೆತ್ತ ತಳಿಗಳಲ್ಲಿ ಒಂದು ಇಥಿಯೋಪಿಯಾದ ಟಫಾರಿಕೇಲಾ. ಅದರಲ್ಲಿ ಹೂವು, ಹಣ್ಣಿನ ವಾಸನೆ ಜಾಸ್ತಿ. 2007ರಲ್ಲಿ ಬಂದ ಚಂದ್ರಗಿರಿ ಗಿಡ್ಡ ಗಿಡ, ಒಳ್ಳೆ ಇಳುವರಿ.

ಕಣದಲ್ಲಿ ಅರ್ಧ ರುಚಿ

ಒಂದೇ ಗಿಡದ ಹಣ್ಣನ್ನು ಎರಡು ರೀತಿ ಒಣಗಿಸಿದರೆ ಎರಡು ಕಾಫಿ ಆಗುತ್ತದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ. ಕೆಂಪು ಹಣ್ಣನ್ನೇ ಆರಿಸಿ ಬಿಡಿಸಿ, ಅಂದೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬೇರ್ಪಡಿಸುತ್ತಾರೆ. ಬೀಜಕ್ಕೆ ಅಂಟಿದ ಲೋಳೆ ತೊಟ್ಟಿಯಲ್ಲಿ ಸುಮಾರು ಒಂದು ದಿನದಿಂದ ಒಂದೂವರೆ ದಿನ ಹುಳಿತು ಬಿಡುತ್ತದೆ. ಕೆಲಸದವರು ಬೀಜ ಕೈಯಲ್ಲಿ ಉಜ್ಜಿ ನೋಡುತ್ತಾರೆ. ಜಾರುವುದು ನಿಂತು ಮರಳಿನಂತೆ ಗರಗರ ಎಂದರೆ ತೊಳೆಯುವ ಹೊತ್ತು ಬಂತು. ತಡವಾದರೆ ಬೀಜಕ್ಕೆ ಕೊಳೆತ ವಾಸನೆ ಹಿಡಿಯುತ್ತದೆ. ತೊಳೆದು ಕಣದಲ್ಲಿ ಒಣಗಿಸಿದ್ದು ಪಾರ್ಚ್‌ಮೆಂಟ್. ಪೊಟ್ಟಣದಲ್ಲಿ ‘ವಾಶ್ಡ್’ ಎಂದು ಬರೆಯುವುದು ಇದನ್ನೇ. ಇದರ ರುಚಿ ಸ್ವಚ್ಛ, ಹುಳಿ ಸ್ಪಷ್ಟ.

ಹಣ್ಣನ್ನು ಇಡಿಯಾಗಿಯೇ ಒಣಗಿಸಿದರೆ ಚೆರಿ. ಇದನ್ನು ಪೊಟ್ಟಣದವರು ‘ನ್ಯಾಚುರಲ್’ ಎನ್ನುತ್ತಾರೆ. ತಿರುಳಿನ ಸಕ್ಕರೆ ಬೀಜದ ಸುತ್ತಲೇ ಉಳಿದು ಒಣಗುವುದರಿಂದ ಸಿಹಿ ಹೆಚ್ಚು, ಮಾಗಿದ ಹಣ್ಣಿನ ವಾಸನೆ ದಟ್ಟ. ಸಿಪ್ಪೆ ತೆಗೆದು ಲೋಳೆಯನ್ನು ಹಾಗೇ ಬಿಟ್ಟು ಒಣಗಿಸಿದ್ದು ‘ಹನಿ’; ಅದರಲ್ಲಿ ಜೇನುತುಪ್ಪ ಇರುವುದಿಲ್ಲ.

ಕಡಲತೀರದಲ್ಲಿ ಇನ್ನೊಂದು ವಿದ್ಯೆ ಇದೆ. ಹಾಯಿಹಡಗುಗಳು ಆಫ್ರಿಕಾ ಬಳಸಿ ತಿಂಗಳುಗಟ್ಟಲೆ ಸಾಗುವಾಗ ಬೀಜ ಥಂಡಿ ಕುಡಿದು ಉಬ್ಬಿ ಹಳದಿಯಾಗುತ್ತಿತ್ತು. ಯುರೋಪಿನವರಿಗೆ ಆ ರುಚಿಯೇ ಹಿಡಿಸಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಹತ್ತಿರವಾಯಿತು, ಉಗಿಹಡಗು ಬಂತು; ಬೀಜ ಹಸಿರಾಗಿಯೇ ತಲುಪತೊಡಗಿತು. ಈಗ ಮಂಗಳೂರು ಕಡೆಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರಡಿ, ಮತ್ತೆ ಮತ್ತೆ ಕೆದಕಿ, ಅದೇ ಬಣ್ಣ ತರಿಸುತ್ತಾರೆ. ಹುಳಿ ಹೆಚ್ಚುಕಡಿಮೆ ಇಲ್ಲದ ಈ ‘ಮಾನ್ಸೂನ್ಡ್ ಮಲಬಾರ್’ ಹಾಲಿಗೆ ಚೆನ್ನಾಗಿ ಹೊಂದುತ್ತದೆ.

ಇನ್ನು ‘ಪ್ಲಾಂಟೇಶನ್ ಎ’, ‘ಪೀಬೆರಿ’ ಎಂಬವು ಬೀಜದ ಗಾತ್ರ, ಆಕಾರ ಹೇಳುವ ಗ್ರೇಡುಗಳು. ಅದರಿಂದ ರುಚಿ ಅಳೆಯಲಾಗದು.

ಹುರಿದ ತಾರೀಕು ಯಾಕೆ ಮುಖ್ಯ

ಮಲೆನಾಡಿನಿಂದ ಓಖ್ಲಾಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಹಸಿರು ಬೀಜ ಒಣ ಜಾಗದಲ್ಲಿದ್ದರೆ ತಿಂಗಳುಗಟ್ಟಲೆ ತಾಳಿಕೊಳ್ಳುತ್ತದೆ, ಹುರಿದದ್ದು ತಾಳುವುದಿಲ್ಲ. ಬೀಜವನ್ನು ಹಸಿರಾಗಿ ತರಿಸಿ ಗಿರಾಕಿಯ ಊರಲ್ಲೇ ಹುರಿಯುವುದಕ್ಕೆ ಇದೇ ಕಾರಣ.

ಬಿಸಿ ಡ್ರಮ್ಮಿನಲ್ಲಿ ಬೀಜ ಮೊದಲು ಹುಲ್ಲಿನ ವಾಸನೆ ಬಿಡುತ್ತದೆ, ಹಳದಿಗೆ ತಿರುಗುವಾಗ ರೊಟ್ಟಿ ಬೇಯುವ ವಾಸನೆ. ಬೀಜದ ಬಿಸಿ 195 ಡಿಗ್ರಿ ದಾಟುವ ಹೊತ್ತಿಗೆ ಚಟಪಟ ಸಿಡಿಯತೊಡಗುತ್ತದೆ. ಇದಾದ ಸ್ವಲ್ಪ ಹೊತ್ತಿಗೇ ಇಳಿಸಿದರೆ ಲೈಟ್ ರೋಸ್ಟ್. ತೋಟದ ಹುಳಿ, ಹಣ್ಣಿನ ವಾಸನೆ ಉಳಿದಿರುತ್ತದೆ. ಸುಮಾರು 225ರಲ್ಲಿ ಎರಡನೇ ಸಲ ಸಿಡಿದು ಬೀಜದ ಮೇಲೆ ಎಣ್ಣೆ ಮಿನುಗಿದರೆ ಡಾರ್ಕ್; ಆಗ ಹೊಗೆ, ಕಹಿಯೇ ಮುಂದಾಗಿ ಚಿಕ್ಕಮಗಳೂರಿನದಕ್ಕೂ ಅರಕಿನದಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ. ದುಬಾರಿ ಸಿಂಗಲ್ ಎಸ್ಟೇಟ್ ಕಾಫಿಯನ್ನು ಡಾರ್ಕ್ ರೋಸ್ಟಿನಲ್ಲಿ ಕೊಳ್ಳುವುದು ದುಡ್ಡು ದಂಡ.

ಹುರಿದ ಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಉಗುಳುತ್ತಿರುತ್ತದೆ. ವಾರ ಬಿಟ್ಟು ಬಳಸಲು ಶುರುಮಾಡಿ, ಒಂದೂವರೆ ತಿಂಗಳೊಳಗೆ ಮುಗಿಸುವುದು ಒಳ್ಳೆಯದು. ಪುಡಿ ಮಾಡಿದರೆ ಪರಿಮಳ ದಿನಗಳಲ್ಲೇ ಇಳಿಯುತ್ತದೆ. ದೆಹಲಿಯ ಮೇ ತಿಂಗಳ ಸೆಕೆಯಲ್ಲಿ ಇನ್ನೂ ಬೇಗ. ಬೀಜವನ್ನೇ ತರಿಸಿ, ಆಗಾಗ ಬೇಕಾದಷ್ಟೇ ಪುಡಿ ಮಾಡಿ, ಉಳಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿಡಿ.

ದೆಹಲಿಯ ನೀರು

ಊರಿನ ಪುಡಿ ಇಲ್ಲಿ ಯಾಕೋ ರುಚಿಸುವುದಿಲ್ಲ ಎನ್ನುವವರು ಮೊದಲು ನೀರನ್ನು ನೋಡಬೇಕು. ಹಾಲಿಲ್ಲದ ಕಾಫಿಯ ಲೋಟದಲ್ಲಿ ಬಹುಪಾಲು ಇರುವುದು ನೀರೇ. ಬೋರ್‌ವೆಲ್, ಟ್ಯಾಂಕರ್‌ನ ಗಡಸು ನೀರು ಅರೇಬಿಕಾದ ಹುಳಿಯನ್ನು ನುಂಗಿ ಕಾಫಿಯನ್ನು ಮಂಕಾಗಿಸುತ್ತದೆ. ಖನಿಜಾಂಶ ತೀರಾ ಕಡಿಮೆ ಇರುವ ಆರ್‌ಒ ನೀರಿನಲ್ಲಿ ಅದು ಸಪ್ಪೆ ಇಲ್ಲವೇ ಚುರುಕು ಹುಳಿ. ಕಾಫಿಗೆ ಲೀಟರಿಗೆ 150 ಮಿಲಿಗ್ರಾಂ ಆಸುಪಾಸಿನ ಟಿಡಿಎಸ್ ಒಳ್ಳೆಯದು. ಹಲವು ಆರ್‌ಒ ಯಂತ್ರಗಳಲ್ಲಿ ಇದನ್ನು ಹೊಂದಿಸುವ ತಿರುಪಿರುತ್ತದೆ. ಸರ್ವಿಸ್‌ಗೆ ಬಂದವರಿಗೆ ಹೇಳಿದರೆ ಮಾಡಿಕೊಡುತ್ತಾರೆ.

ಎತ್ತರದ ಲೆಕ್ಕವೂ ಇದೆ. ಚಿಕ್ಕಮಗಳೂರು ಪಟ್ಟಣದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ದೆಹಲಿಯಲ್ಲಿ 99ರ ಹತ್ತಿರ. ಹಾಗಾಗಿ ಇಲ್ಲಿ ಒಲೆ ಆರಿಸಿ ಒಂದು ನಿಮಿಷ ಬಿಟ್ಟು ನೀರು ಹಾಕಿ. ಚಳಿಗಾಲದಲ್ಲಿ ಫಿಲ್ಟರನ್ನು ಮೊದಲು ಬಿಸಿನೀರಲ್ಲಿ ಅದ್ದಿ ತೆಗೆಯಿರಿ. ಇಲ್ಲದಿದ್ದರೆ ತಣ್ಣನೆಯ ಸ್ಟೀಲೇ ಬಿಸಿಯನ್ನೆಲ್ಲ ಹೀರಿ ಡಿಕಾಕ್ಷನ್ ತೆಳ್ಳಗಾಗುತ್ತದೆ.

ಕೊಳ್ಳುವ ಮುನ್ನ

ಎರಡು ಪೊಟ್ಟಣಗಳನ್ನು ಹೋಲಿಸಿ ನೋಡಬೇಕೆಂದರೆ ಕಾಫಿ ರುಚಿ ನೋಡುವವರ ಪದ್ಧತಿ ಮನೆಯಲ್ಲೂ ನಡೆಯುತ್ತದೆ. ಎರಡು ಲೋಟಗಳಲ್ಲಿ ತಲಾ ಎಂಟು ಗ್ರಾಂ ತರಿ ಪುಡಿ, 150 ಮಿ.ಲೀ. ಬಿಸಿನೀರು. ನಾಲ್ಕು ನಿಮಿಷ ಬಿಟ್ಟು ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಮೂಸಿ. ನೊರೆ ತೆಗೆದು, ಉಗುರುಬೆಚ್ಚಗಾಗುವವರೆಗೂ ಆಗಾಗ ಹೀರಿ. ತಣಿದಷ್ಟೂ ಒಳ್ಳೆ ಕಾಫಿ ಸಿಹಿಯಾಗುತ್ತದೆ, ಕೆಟ್ಟದ್ದರ ಕಹಿ ಬಯಲಾಗುತ್ತದೆ.

ನೀವು ಹಾಲು, ಸಕ್ಕರೆ ಹಾಕಿ ಕುಡಿಯುವವರಾದರೆ ತೊಳೆದ ಲೈಟ್ ರೋಸ್ಟ್ ಅರೇಬಿಕಾಕ್ಕೆ ದುಡ್ಡು ಸುರಿಯಬೇಡಿ; ಅದರ ನಯವೆಲ್ಲ ಹಾಲಲ್ಲಿ ಮುಳುಗುತ್ತದೆ. ಮೀಡಿಯಂ-ಡಾರ್ಕ್ ಹುರಿದ ಅರೇಬಿಕಾ, ಜೊತೆಗೆ ಒಂದಿಷ್ಟು ಒಳ್ಳೆಯ ರೊಬಸ್ಟಾ ಸಾಕು. ಚಿಕೋರಿ ಬೇಕಾದವರು ಪೊಟ್ಟಣದ ಮೇಲಿನ ಶೇಕಡಾವಾರು ಓದಿ: ಕಾಯ್ದೆಯ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಪ್ರಮಾಣ ಬರೆದಿರಬೇಕು. ಹಾಲಿಲ್ಲದೆ ಕುಡಿಯುವವರಿಗೆ ಮಾತ್ರ ಸಿಂಗಲ್ ಎಸ್ಟೇಟಿನ ಬೆಲೆ ದಕ್ಕುತ್ತದೆ. ಅವರೂ ‘ಚಾಕೊಲೇಟ್, ಕಿತ್ತಳೆ’ಯ ಸಾಲನ್ನು ಕೊನೆಗೆ ಓದಿ, ಹುರಿದ ತಾರೀಕನ್ನು ಮೊದಲು ನೋಡಲಿ. ತಾರೀಕು ಹಾಕದ ಪೊಟ್ಟಣವನ್ನು, ಅದರ ಮೇಲೆ ಎಂಥ ಬೆಟ್ಟದ ಹೆಸರೇ ಇರಲಿ, ಅಂಗಡಿಯಲ್ಲೇ ಬಿಟ್ಟು ಬನ್ನಿ.