ನೊರೆಯಿಲ್ಲದ ಕೆರೆಯೆಲ್ಲ ಶುದ್ಧವೇ?

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿದುಬಂತು. ಮರುತಿಂಗಳೇ ಅಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ನೊರೆ ಇಳಿದರೆ ನೀರು ಶುದ್ಧವಾಯಿತು ಎಂಬ ನಂಬಿಕೆ ಇಂಥ ಕಡೆ ಸಹಜವಾಗಿಯೇ ಹುಟ್ಟುತ್ತದೆ. ಆದರೆ ನೊರೆ ಮುಖ್ಯವಾಗಿ ಸೋಪಿನ ಪುಡಿಯ ಗುರುತು. ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ಥ್ಯಾಲೇಟ್‌ಗಳಿಗೆ ನೊರೆಯಿಲ್ಲ. ನೀರಿನಲ್ಲಿರುವ ಪ್ರಮಾಣದಲ್ಲಿ ಅವುಗಳ ಬಣ್ಣವೂ ವಾಸನೆಯೂ ತಿಳಿಯುವುದಿಲ್ಲ.

ಕೆರೆದಂಡೆಯ ಪ್ಲಾಸ್ಟಿಕ್ ಕವರ್ ಆಯ್ದುಬಿಟ್ಟರೆ ಇವೂ ಹೋದಂತೆ ಅನ್ನುವವರಿದ್ದಾರೆ. ಕವರ್ ಆಯುವುದು ಒಳ್ಳೆಯದೇ, ಆದರೆ ಥ್ಯಾಲೇಟ್ ಬರುವ ದಾರಿ ಬೇರೆ. ಮೆದುವಾದ ಪಿವಿಸಿ ವಸ್ತುಗಳ ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಇದೇ ಇರುವುದುಂಟು. ಒದ್ದೆ ಬಟ್ಟೆಯೊಳಗಿನ ನೀರಿನಂತೆ ಅದು ಪ್ಲಾಸ್ಟಿಕ್ಕಿನೊಳಗೆ ಕುಳಿತಿರುತ್ತದೆ, ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ರೆಕ್ಸಿನ್, ವೈರಿನ ಹೊದಿಕೆ, ನೆಲಹಾಸು, ರೇನ್‌ಕೋಟ್‌ನಿಂದ ಮೆಲ್ಲಗೆ ಹೊರಬಿದ್ದು, ತೊಳೆದ ನೀರಿನೊಂದಿಗೆ ಒಳಚರಂಡಿ ಸೇರುತ್ತದೆ. ಸುಗಂಧದ್ರವ್ಯಗಳಲ್ಲೂ ಒಂದು ಬಗೆಯ ಥ್ಯಾಲೇಟ್ ಬಳಕೆಯಲ್ಲಿದೆ.

‘ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ದಾಟಿದ ನೀರಲ್ಲವೇ’ ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. ಕೋಲಾರಕ್ಕೆ ದಿನಕ್ಕೆ 44 ಕೋಟಿ ಲೀಟರ್ ಹರಿಸಲು ರೂಪಿಸಿದ ಈ ಯೋಜನೆಯ ನೀರು ಎರಡನೇ ಹಂತದ ಸಂಸ್ಕರಣೆಯದು. ಆ ಹಂತದಲ್ಲಿ ಥ್ಯಾಲೇಟ್‌ನ ಬಹುಪಾಲು ಕೊಳೆತು ಹೋಗುತ್ತದೆ, ಇಲ್ಲವೇ ಕೆಸರಿಗೆ ಅಂಟಿಕೊಳ್ಳುತ್ತದೆ. ಎಲ್ಲವೂ ಹೋಗುವುದಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಎಸ್‌ಟಿಪಿಗಳಿಗೆ ವಿಧಿಸಿದ ಮಾನದಂಡಗಳಲ್ಲಿ ಬಿಒಡಿ (ಕೊಳೆ ಒಡೆಯಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕದ ಅಳತೆ), ತೇಲುಕಣ, ಮಲದ ಬ್ಯಾಕ್ಟೀರಿಯಾಗಳ ಮಾತಿದೆ, ಥ್ಯಾಲೇಟ್‌ನ ಮಾತಿಲ್ಲ. ಐರೋಪ್ಯ ಒಕ್ಕೂಟವಾದರೋ 2008ರಲ್ಲೇ ಡಿಇಎಚ್‌ಪಿ ಎಂಬ ಥ್ಯಾಲೇಟ್‌ಗೆ ನದಿ–ಕೆರೆಗಳಲ್ಲಿ ಲೀಟರಿಗೆ 1.3 ಮೈಕ್ರೋಗ್ರಾಂ ಎಂಬ ವಾರ್ಷಿಕ ಸರಾಸರಿ ಮಿತಿ ಹಾಕಿತು.

ಇನ್ನೊಂದು ತುದಿಯ ಭಯವೂ ಇದೆ: ಥ್ಯಾಲೇಟ್ ಡಿಡಿಟಿಯಂತೆ ಮೀನಿನಿಂದ ಕೊಕ್ಕರೆಗೆ ಹೋಗುತ್ತಾ ಹೆಚ್ಚುತ್ತದೆ ಎಂಬುದು. ಅದು ಸರಿಯಲ್ಲ. ಮೀನಿನ ದೇಹ ಅದನ್ನು ಒಡೆದು ಹೊರಹಾಕಬಲ್ಲದು. ಆದರೆ ಹೊಸ ನೀರು ದಿನವೂ ಬರುತ್ತಿದ್ದರೆ, ಹೊರಹಾಕಿದಷ್ಟೂ ಮತ್ತೆ ಒಳಸೇರುತ್ತದೆ. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೈಕ್ರೋಗ್ರಾಂ ಲೆಕ್ಕದ ಡಿಇಎಚ್‌ಪಿಯೇ ಜೀಬ್ರಾ ಮೀನುಗಳ ಮೊಟ್ಟೆಯ ಬೆಳವಣಿಗೆಯನ್ನು ಕೆಡಿಸಿತ್ತು. ಮೀನು ಸತ್ತು ತೇಲುವುದಿಲ್ಲ, ಸಂತತಿ ಕುಗ್ಗುತ್ತದೆ. ಹೀಗಾಗಿಯೇ ಈ ಹಾನಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೆಚ್ಚು ಚಿಂತಿಸಬೇಕಾದ ಜಾಗ ಕೆರೆಯ ತಳ. ಡಿಇಎಚ್‌ಪಿ ನೀರಿಗಿಂತ ಹೂಳನ್ನು ಬಯಸುತ್ತದೆ. ಕಾವೇರಿಯ ತಮಿಳುನಾಡು ಭಾಗದ ನೀರು ಮತ್ತು ಹೂಳಿನಲ್ಲಿ ಥ್ಯಾಲೇಟ್‌ಗಳಿರುವುದನ್ನು 2015ರ ಅಧ್ಯಯನ ದಾಖಲಿಸಿದೆ. ಸಂಸ್ಕರಿತ ನೀರಿನ ಸಾರಜನಕ, ರಂಜಕದಿಂದ ಪಾಚಿ, ಅಂತರಗಂಗೆ ಹಬ್ಬಿ ಕೊಳೆತಾಗ ತಳದಲ್ಲಿ ಆಮ್ಲಜನಕ ಬತ್ತುತ್ತದೆ. ಆಮ್ಲಜನಕವಿಲ್ಲದ ಹೂಳಿನಲ್ಲಿ ಡಿಇಎಚ್‌ಪಿ ಬಲು ನಿಧಾನವಾಗಿ ಕೊಳೆಯುತ್ತದೆ. ಹುಳು, ಬಸವನಹುಳು ಬದುಕುವುದು ಅಲ್ಲೇ.

ಹಾಗೆಂದು ಈ ನೀರೇ ಬೇಡ ಎನ್ನುವುದು ಬರದ ನಾಡಿಗೆ ಅನ್ಯಾಯ. ಬತ್ತಿದ ಕೆರೆ ತುಂಬಿದ್ದು ಕೋಲಾರದ ರೈತರಿಗೆ ದೊಡ್ಡ ಆಸರೆ. ಮೂರನೇ ಹಂತದ ಸಂಸ್ಕರಣೆ ಬರಬೇಕು, ಅದರಲ್ಲಿ ಇಂಥ ರಾಸಾಯನಿಕಗಳನ್ನು ಹೀರುವ ಸಕ್ರಿಯ ಇಂಗಾಲದ ಸೋಸುವಿಕೆಯೂ ಇರಬೇಕು. ಅಲ್ಲಿಯವರೆಗೆ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಸುವ ಮೊದಲು ಅದರ ಥ್ಯಾಲೇಟ್ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕುವಂತೆ ಊರಿನವರು ಕೇಳಬೇಕು.